ಕಾಂಟ್‌ನ ಎರಡು ಕೈ, ಫಿಖ್ಟೆಯ ಕೂಸು

ಜರ್ಮನ್ ತತ್ವಜ್ಞಾನಿಗಳಾದ ಕಾಂಟ್, ಫಿಖ್ಟೆ, ಹೆಗೆಲ್ ಅಂದರೆ ಬರೀ ತಲೆಯ ವ್ಯವಹಾರ, ಅಲ್ಲಿ ಮೈಗೆ ಜಾಗವೇ ಇಲ್ಲ ಅನ್ನುವ ಮಾತು ಪದೇಪದೇ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಕಾಂಟ್‌ನ 1781ರ ದಪ್ಪ ಪುಸ್ತಕ ‘ಶುದ್ಧ ಬುದ್ಧಿಯ ವಿಮರ್ಶೆ’ ಒಂದನ್ನೇ ಹಿಡಿದು ಕೂತರೆ ಹಾಗನ್ನಿಸಬಹುದು. ಆದರೆ 1768ರಲ್ಲಿ ಅವನು ಬರೆದ ಪುಟ್ಟ ಪ್ರಬಂಧವೊಂದಿದೆ.

ಅದರಲ್ಲಿ ಅವನು ನೋಡುವುದು ನಮ್ಮ ಎರಡು ಕೈಗಳನ್ನು. ಎರಡಕ್ಕೂ ಅದೇ ಐದು ಬೆರಳು, ಅದೇ ಉದ್ದಗಲ. ಒಂದನ್ನು ಎಷ್ಟು ವಿವರವಾಗಿ ಬಣ್ಣಿಸಿದರೂ ಆ ಮಾತೆಲ್ಲ ಇನ್ನೊಂದಕ್ಕೂ ಸರಿಹೋಗುತ್ತದೆ. ಆದರೂ ಎಡಗೈ ಇರುವ ಜಾಗದಲ್ಲಿ ಬಲಗೈ ಕೂರುವುದಿಲ್ಲ. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಎಲ್ಲವೂ ನಮ್ಮ ಮೈಯಿಂದಲೇ ಶುರು ಅನ್ನುತ್ತಾನೆ. 1786ರಲ್ಲಿ ಮತ್ತೆ ಅದೇ ವಿಷಯ. ಗೊತ್ತಿರುವ ಕೋಣೆ, ಕಗ್ಗತ್ತಲು. ಒಂದು ಸಾಮಾನು ಕೈಗೆ ಸಿಕ್ಕರೂ ಸಾಕು, ದಾರಿ ಸಿಗುತ್ತದೆ, ಯಾಕೆಂದರೆ ನನ್ನ ಎಡ ಯಾವುದು, ಬಲ ಯಾವುದು ಅನ್ನುವುದು ಮೈಗೆ ಗೊತ್ತು. ಕಣ್ಣಿಗೆ ಕಾಣದ ವಿಷಯಗಳಲ್ಲಿ ಬುದ್ಧಿ ದಾರಿ ಹುಡುಕುವುದು ಹೇಗೆ ಅಂತ ಹೇಳೋಕೆ ಹೊರಟವನು ಮೊದಲು ಈ ಕೋಣೆಗೆ ಬರುತ್ತಾನೆ. ಇದು ಸುಮ್ನೆ ಕೊಟ್ಟ ಉದಾಹರಣೆ ಅಂತ ನನಗನ್ನಿಸುವುದಿಲ್ಲ.

ಹೆಗೆಲ್ ಕೂಡ ಮೈಯ ಮಾತಿಗೆ ಬರುತ್ತಾನೆ. ತಲೆಬುರುಡೆಯ ಉಬ್ಬುತಗ್ಗು ನೋಡಿ ಸ್ವಭಾವ ಹೇಳುವ, ಗಾಲ್ ಎಂಬ ವೈದ್ಯನ ವಿದ್ಯೆಯನ್ನು ಅವನು 1807ರಲ್ಲಿ ಚೆನ್ನಾಗಿ ಜಾಡಿಸಿದ. ಮನುಷ್ಯ ಏನೆಂದು ತಿಳಿಯುವುದು ಅವನು ಮಾಡುವ ಕೆಲಸದಿಂದ, ಮೂಳೆಯಿಂದ ಅಲ್ಲ ಅಂದ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಫಿಖ್ಟೆ. ಹಕ್ಕುಗಳ ಬಗ್ಗೆ 1796ರಲ್ಲಿ ಬಂದ ಪುಸ್ತಕದಲ್ಲಿ ಅವನು ಹುಟ್ಟಿದ ಕೂಸಿನ ಬಗ್ಗೆ ಬರೆಯುತ್ತಾನೆ. ಪ್ರಾಣಿ ಬೇಕಾದ್ದನ್ನೆಲ್ಲ ಮೈಯಲ್ಲೇ ಹೊತ್ತು ಹುಟ್ಟುತ್ತದೆ. ಮನುಷ್ಯನ ಕೂಸು ಬರಿಮೈಯಲ್ಲಿ, ಏನೂ ಬಾರದೆ ಹುಟ್ಟುತ್ತದೆ. ಇನ್ನೊಬ್ಬರು ಎತ್ತಿಕೊಳ್ಳದಿದ್ದರೆ ಬದುಕುವುದಿಲ್ಲ. ತಿನ್ನುವುದಕ್ಕೆಂದೇ ಇದ್ದ ಬಾಯಿ ನಿಧಾನಕ್ಕೆ ಒಳಗಿನ ಭಾವ ತೋರಿಸುವ ಬಾಯಿಯಾಗುತ್ತದೆ. ಇಂಥ ಮೈಯನ್ನು ಕಂಡ ಕೂಡಲೇ ಎದುರಿಗಿರುವುದು ನನ್ನಂಥದೇ ಒಂದು ಜೀವ ಅಂತ ಒಪ್ಪಿಕೊಳ್ಳಲೇಬೇಕು, ಅದರ ಮೇಲೆ ಬಲ ತೋರಿಸುವಂತಿಲ್ಲ. ಹಕ್ಕು ಶುರುವಾಗುವುದೇ ಅಲ್ಲಿಂದ. ಎಷ್ಟು ದೊಡ್ಡ ಮಾತು ಅಲ್ವಾ?

ಅದೇ ಪುಸ್ತಕದ ಮುಂದಿನ ಭಾಗದಲ್ಲಿ, ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಬದುಕೇ ಇಲ್ಲ ಅಂತ ಬರೆದ. ಅದನ್ನು ಓದಿದಾಗ ಸಿಟ್ಟು ಬರುತ್ತದೆ. ಕೂಸಿನ ಬಗ್ಗೆ ಅವನೇ ಬರೆದ ಮಾತಿಗೆ ಇದು ನೇರವಾಗಿ ಎದುರು ನಿಲ್ಲುತ್ತದೆ. ತತ್ವಶಾಸ್ತ್ರ ಕಲಿಸುವವರು ಈ ಎರಡೂ ಪುಟಗಳನ್ನು ಒಟ್ಟಿಗೇ ಓದಿಸಬೇಕು ಅಂತ ನನ್ನಾಸೆ.