ಥೇಟ್ ಅಂಗಡಿಯದ್ದೇ ಹಾಗಿದೆ!

ನಿನ್ನೆ ಸಂಜೆಯಿಂದ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಲಸಿನ ನಾರಿನಂತೆ ಕಾಡುತ್ತಿದೆ. ಇಲ್ಲಿ ಬರೆದು ಹೊರಹಾಕದಿದ್ದರೆ ಇವತ್ತಿನ ಸಾರಿಗೂ ಉಪ್ಪು ಹೆಚ್ಚಾಗುತ್ತದೆ. ಮನೆಯವರ ಮೇಲಿನ ಕರುಣೆಯಿಂದಲಾದರೂ ಓದಿ.

ನಮ್ಮ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು ನಿಮಗೆ ಗೊತ್ತೇ ಇದ್ದಾರೆ. ಸಕಲೇಶಪುರದ ನಮ್ಮ ಮನೆಗೆ ಬಂದ ಯಾರನ್ನೂ ಅವರ ಕೊಟ್ಟಿಗೆ ತೋರಿಸದೆ ನಾನು ಕಳುಹಿಸಿದ್ದಿಲ್ಲ. ದನಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಆ ಕೊಟ್ಟಿಗೆಯಲ್ಲಿ ಮೂರು ವರ್ಷಗಳಿಂದ ಭಾನುವಾರ ಬಂತೆಂದರೆ ಕುಲುಮೆ ಉರಿಯುತ್ತದೆ. ಗಾಳಿ ಊದುವ ತಿದಿಯ ಜಾಗದಲ್ಲಿ ಮಗಳ ಕೂದಲು ಒಣಗಿಸುವ ಯಂತ್ರ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಜಾಗದಲ್ಲಿ ಗುಜರಿಯಿಂದ ತಂದ ಕಬ್ಬಿಣದ ದಿಮ್ಮಿ, ಉರಿಗೆ ತೆಂಗಿನ ಚಿಪ್ಪಿನ ಇದ್ದಿಲು. ಅಷ್ಟರಲ್ಲೇ ಚಾಕು ಮಾಡುತ್ತಾರೆ. ಮಾರುವುದಿಲ್ಲ. ಇದುವರೆಗೆ ಹನ್ನೊಂದು ಮಾಡಿದ್ದರು. ಒಡೆದು ಹೋದ ನಾಲ್ಕನ್ನು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ, ತರಗತಿಯಲ್ಲಿ ತಪ್ಪು ಲೆಕ್ಕವನ್ನು ಬೋರ್ಡಿನಿಂದ ಅಳಿಸದೆ ಬಿಡುವಂತೆ.

ಹನ್ನೆರಡನೆಯದು ನಿನ್ನೆ ನನಗೆ ಬಂತು. ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ಜಗಲಿಯ ಮೇಲೆ ಇಟ್ಟರು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡುವ ರೂಢಿ ನಮ್ಮಲ್ಲಿಲ್ಲ, ಇಟ್ಟದ್ದನ್ನು ನಾನು ಎತ್ತಿಕೊಂಡೆ. ಆ ಹೊತ್ತಿಗೆ ಜಗಲಿಯಲ್ಲಿ ಬೆಂಗಳೂರಿನಿಂದ ಬಂದ ಭಾವನವರು ಕಾಫಿ ಕುಡಿಯುತ್ತಾ ಕುಳಿತಿದ್ದರು. ಬೆಳಿಗ್ಗೆ ಬೇಲೂರು ನೋಡಿಕೊಂಡು ಬಂದವರು, ಮಧ್ಯಾಹ್ನದ ಊಟದುದ್ದಕ್ಕೂ ಅದೇ ಮಾತು. "ಎಲ್ಲವನ್ನೂ ಕೈಯಲ್ಲೇ ಕೆತ್ತಿದ್ದಾರಲ್ಲಮ್ಮ! ಒಬ್ಬ ಮದನಿಕೆಯ ಹಾಗೆ ಇನ್ನೊಬ್ಬಳಿಲ್ಲ! ಕೆಳಗೆ ಶಿಲ್ಪಿ ತನ್ನ ಹೆಸರನ್ನೂ ಹಾಕಿದ್ದಾನೆ!" ಹೌದು ಭಾವನವರೇ, 1117ರ ದೇವಸ್ಥಾನ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಎಲ್ಲ ಸರಿ. ಅದೇ ಭಾವನವರು ಸಂಜೆ ಈ ಚಾಕುವನ್ನು ಎರಡು ಬೆರಳಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಮೇಷ್ಟ್ರ ಬೆನ್ನು ತಟ್ಟಿ ಹೇಳಿದರು:

"ಭೇಷ್ ಮೇಷ್ಟ್ರೇ! ಥೇಟ್ ಅಂಗಡಿಯದ್ದೇ ಹಾಗಿದೆ!"

ಮೇಷ್ಟ್ರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಒಂಬೈನೂರು ವರ್ಷ ಹಿಂದಿನವನ ಕೈಕೆಲಸಕ್ಕೆ ಕಣ್ಣಲ್ಲಿ ನೀರು, ಪಕ್ಕದ ಮನೆಯವನ ಕೈಕೆಲಸಕ್ಕೆ ಕಾರ್ಖಾನೆಯ ಸರ್ಟಿಫಿಕೇಟು! ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಗೊತ್ತು. ಹೊಟ್ಟೆ ಉರಿಯುವುದು ಅದಕ್ಕೇ. ಅಮ್ಮನ ಉಪ್ಪಿನಕಾಯಿಗೆ "ಬಾಟಲಿಯದರ ಹಾಗೇ ಇದೆ" ಎಂದು ಹೇಳಿ ನೋಡಿ, ಮುಂದಿನ ವರ್ಷ ಜಾಡಿ ನಿಮ್ಮ ಕಡೆ ತಿರುಗುವುದಿಲ್ಲ.

ಆ ಚಾಕುವಿನಲ್ಲಿ ನೋಡುವುದಕ್ಕೆ ಏನಿತ್ತು ಎಂದು ಕೇಳಿ. ಉಕ್ಕು ಹಳೆಯ ಜೀಪೊಂದರ ಕಮಾನು ಪಟ್ಟಿಯದು, ಅಂದರೆ ಗಾಡಿಯ ಕುಲುಕು ತಡೆಯುವ ಸ್ಪ್ರಿಂಗಿನದು. ಅದರಲ್ಲಿ ಇಂಗಾಲ ಶೇಕಡಾ 0.5ಕ್ಕಿಂತ ತುಸು ಹೆಚ್ಚಿರುತ್ತದಂತೆ, ಅಷ್ಟಿದ್ದರೆ ಕಾಯಿಸಿ ಅದ್ದಿದಾಗ ಗಡುಸಾಗುತ್ತದೆ. ಮನೆ ಕಟ್ಟಿ ಉಳಿದ ಸರಳನ್ನು ಎಷ್ಟು ಬಡಿದರೂ ಹರಿತ ನಿಲ್ಲುವುದಿಲ್ಲ. ಅಲಗು ಕೆಂಪಗೆ ಕಾದಾಗ ಮೇಷ್ಟ್ರು ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಅದರ ಹತ್ತಿರ ಹಿಡಿಯುತ್ತಾರೆ. ಸುಮಾರು 770 ಡಿಗ್ರಿಯ ಹತ್ತಿರ ಅಯಸ್ಕಾಂತ ಅಂಟುವುದನ್ನು ಬಿಡುತ್ತದೆ. ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಬೇಕು, ಆ ಎಣ್ಣೆಯೂ ಉಗುರು ಬೆಚ್ಚಗಿರಬೇಕು. ಮೊದಮೊದಲು ನೀರಿಗೆ ಅದ್ದಿದ್ದರಿಂದಲೇ 'ಟಿಣ್' ಎಂದು ಎರಡು ಅಲಗು ಸೀಳಿದ್ದು. ಆ ಸದ್ದು ನನ್ನ ಅಡುಗೆಮನೆಗೂ ಕೇಳಿಸಿತ್ತು, ಹಿಂದೆಯೇ ಮೇಷ್ಟ್ರ ಬಾಯಿಂದ ಬಂದದ್ದೂ ಕೇಳಿಸಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ವಿದ್ಯಾರ್ಥಿಗಳೂ ಇದನ್ನು ಓದುತ್ತಾರೆ. ಹೀಗೆ ಗಡುಸಾದ ಅಲಗು ಗಾಜಿನ ಹಾಗೆ, ಕೈತಪ್ಪಿ ಬಿದ್ದರೆ ಮುರಿಯುತ್ತದೆ. ಅದಕ್ಕೆ ಮತ್ತೆ ಸುಮಾರು 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ, ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಿ ಹದಕ್ಕೆ ತರುತ್ತಾರೆ. ಇದು ನಡೆಯುವುದು ಅವರ ಹೆಂಡತಿಯ ಕೇಕಿನ ಓವನ್ನಿನಲ್ಲಿ. ಆ ಮನೆಯ ಕೇಕು ಎಣ್ಣೆಯ ಕಮಟು ವಾಸನೆ ಹೊಡೆಯುವುದೇಕೆ ಎಂದು ಕೇಳಿದವರಿಗೆಲ್ಲ ಇದೇ ಉತ್ತರ.

ಹಿಡಿಯ ವಿಷಯಕ್ಕೆ ಬರುತ್ತೇನೆ. ನನ್ನ ಬಲಗೈ ಹೆಬ್ಬೆರಳು ನಾಲ್ಕು ವರ್ಷದ ಹಿಂದೆ ಮೆಟ್ಟಿಲ ಮೇಲೆ ಬಿದ್ದಾಗಿನಿಂದ ಪೂರ್ತಿ ಮಡಚುವುದಿಲ್ಲ. ಅಂಗಡಿಯ ಚಾಕುಗಳೆಲ್ಲ ಹೆಬ್ಬೆರಳು ಸರಿಯಿರುವವರಿಗಾಗಿ ಮಾಡಿದವು. ಒಂದು ದಿನ ಮೇಷ್ಟ್ರು ಬಂದು, "ಅಕ್ಕ, ಚಪಾತಿ ಹಿಟ್ಟು ಕಲಸಿದ್ದೀರಾ? ಒಂದು ಉಂಡೆ ತೆಗೆದುಕೊಂಡು ಚಾಕು ಹಿಡಿದ ಹಾಗೆ ಹಿಡಿಯಿರಿ" ಎಂದರು. ಹಿಡಿದೆ. ನನ್ನ ಬೆರಳಿನ ಅಚ್ಚು ಮೂಡಿದ ಆ ಹಿಟ್ಟನ್ನು ತಟ್ಟೆಯಲ್ಲಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಮೊಟ್ಟೆ ಒಯ್ಯುವ ಜಾಗರೂಕತೆಯಲ್ಲಿ ಒಯ್ದರು. ನಮ್ಮ ತೋಟದಲ್ಲಿ ಕಿತ್ತುಹಾಕಿದ ಮುದಿ ರೊಬಸ್ಟಾ ಗಿಡದ ಬೊಡ್ಡೆಯನ್ನು ಕೆತ್ತಿ, ಆ ಹಿಟ್ಟಿನ ಪ್ರಕಾರವೇ ಹಿಡಿ ಮಾಡಿದ್ದಾರೆ. ಕಾಫಿ ಮರ ತಿಳಿ ಹಳದಿ, ಗಟ್ಟಿ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಅಲಗಿನ ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಸುತ್ತಿಗೆಯ ಒಂದು ಗುಳಿ ಉಳಿದಿದೆ. ನನ್ನ ತೋರುಬೆರಳು ಸರಿಯಾಗಿ ಅಲ್ಲೇ ಹೋಗಿ ಕೂರುತ್ತದೆ. ಬೇಕೆಂದೇ ಬಿಟ್ಟರೋ ಮರೆತರೋ, ಕೇಳಿದರೆ ಹೇಳುವುದಿಲ್ಲ.

ಇದು ಯಾವ ಅಂಗಡಿಯದ್ದರ ಹಾಗಿದೆ ಭಾವನವರೇ?

ತುಕ್ಕು ಹಿಡಿಯುತ್ತದಲ್ಲ ಎನ್ನುತ್ತೀರಿ. ಹಿಡಿಯುತ್ತದೆ. ಮಳೆಗಾಲದಲ್ಲಿ ಸೀರೆಯ ಪಿನ್ನಿಗೂ ತುಕ್ಕು ಹಿಡಿಯುವ ಊರು ಇದು. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಮುಗಿಯಿತು. ಮಾವಿನಕಾಯಿ ಹೆಚ್ಚಿದರೆ ಅಲಗು ಕಪ್ಪಾಗುತ್ತದೆ, ಅಜ್ಜಿಯ ಈಳಿಗೆಮಣೆಯೂ ಕಪ್ಪಾಗಿಯೇ ಇತ್ತು, ಅದನ್ನು ಯಾರೂ ಹಿಂದಿರುಗಿಸಲು ಹೋಗಲಿಲ್ಲ. ಲೈಸೆನ್ಸ್ ಬೇಡವೇ ಎಂದು ನಿನ್ನೆಯೇ ಇನ್ನೊಬ್ಬರು ಕೇಳಿದರು, ಹಿತ್ತಿಲ ಬಾಗಿಲಲ್ಲಿ ಮೂರು ಮಚ್ಚು ತೂಗುವ ಮನೆಯಲ್ಲಿ ಕುಳಿತು! ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಚಾಕುಗಳು, ಅದರಲ್ಲೂ ಮನೆಗೆಲಸದ್ದು, ಬೇಸಾಯದ್ದು ಹೊರಗೆ. ನನ್ನದು 6 ಇಂಚು, ಹಲಸಿನಕಾಯಿಗೆ ಮಾತ್ರ ಅದರ ಭಯ.

ಮೊಬೈಲಿನಲ್ಲಿ ಬರುವ, ಅಲೆ ಚಿತ್ತಾರದ 'ಡಮಾಸ್ಕಸ್' ಚಾಕು ತೋರಿಸುವವರಿಗೂ ಒಂದು ಮಾತು. ಅಗ್ಗದ ಅಲಗಿನ ಮೇಲೆ ಅಲೆಯಲೆಯಾದ ಚಿತ್ತಾರ ಅಚ್ಚೊತ್ತಿ ಮಾರುವ ವ್ಯಾಪಾರವೂ ನಡೆಯುತ್ತದೆ. ನಿಜವಾದ ಅಲೆಗಳ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿ ಹೊರದೇಶಗಳಿಗೆ ಹೋದದ್ದು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದಾಗ ಬಳಸಿದ 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು'ವಿನಿಂದಲೇ ಬಂದದ್ದೆಂದು ಹೇಳುತ್ತಾರೆ. ಇದನ್ನೆಲ್ಲ ಹೇಳಿಕೊಟ್ಟವರು ಮೇಷ್ಟ್ರೇ. ಕೊನೆಯಲ್ಲಿ, "ನನ್ನದು ಅದಲ್ಲ ಅಕ್ಕ, ಬರೀ ಜೀಪಿನದು" ಎಂದು ಸೇರಿಸುವುದನ್ನು ಮರೆಯುವುದಿಲ್ಲ.

ಇಷ್ಟು ಹೊತ್ತು ಭಾವನವರನ್ನು ಬೈದೆ. ಈಗ ನನ್ನ ಸರದಿ. ಮೂರು ವರ್ಷದ ಹಿಂದೆ ಮೇಷ್ಟ್ರು ತಮ್ಮ ಮೊದಲ ಚಾಕುವನ್ನು ಹೀಗೇ ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಒಂದು ಮಗ್ಗುಲು ದಪ್ಪ, ಒಂದು ತೆಳು, ತುದಿ ಸ್ವಲ್ಪ ಎಡಕ್ಕೆ. ಏನು ಹೇಳುವುದೆಂದು ತೋಚದೆ, ಒಲೆಯ ಮೇಲಿನ ಹಾಲಿನ ಕಡೆ ಕಣ್ಣಿಟ್ಟುಕೊಂಡು, "ಪರವಾಗಿಲ್ಲವೇ, ಅಂಗಡಿಯದ್ದರ ಹಾಗೇ ಇದೆ" ಎಂದಿದ್ದೆ. ಆ ಮನುಷ್ಯ ಅದನ್ನು ನಂಬಿದರು. ಮುಂದಿನ ಆರು ತಿಂಗಳು ಕನ್ನಡಿ ಹೊಳಪು ಬರಿಸುವುದರಲ್ಲೇ ಕಳೆದರು. ಆಗ ಮಾಡಿದ ಮೂರು ಚಾಕುಗಳ ಹಿಡಿ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಒಂದು ನನ್ನ ಡ್ರಾಯರಿನಲ್ಲಿದೆ, ಹಾಲಿನ ಪೊಟ್ಟಣ ಕತ್ತರಿಸಲು.

ಇವತ್ತು ಬೆಳಿಗ್ಗೆ ಏಳಕ್ಕೇ ಮೇಷ್ಟ್ರ ಫೋನು. "ಅಕ್ಕ, ನಿನ್ನೆ ಬಂದವರು ಅಷ್ಟು ಹೇಳಿದರಲ್ಲ, ಆ ಸುತ್ತಿಗೆಯ ಗುಳಿಯೊಂದು ಕಣ್ಣಿಗೆ ಹೊಡೆಯುತ್ತದೆ. ಚಾಕು ಕೊಟ್ಟಿದ್ದರೆ ಉಜ್ಜಿ ಸಪಾಟು ಮಾಡಿ ಸಂಜೆಗೆ ತಂದುಕೊಡುತ್ತಿದ್ದೆ."

"ಹಲಸಿನಕಾಯಿ ಅರ್ಧ ಹೆಚ್ಚಿದ್ದೇನೆ ಮೇಷ್ಟ್ರೇ, ಮೈಯೆಲ್ಲ ಮೇಣ ಮೆತ್ತಿದೆ, ಈಗ ಆಗುವುದಿಲ್ಲ" ಎಂದು ಇಟ್ಟುಬಿಟ್ಟೆ. ಹಲಸಿನಕಾಯಿ ಇನ್ನೂ ಮರದಲ್ಲಿತ್ತು. ಈಗ ಆಳು ಕಳುಹಿಸಿ ಕೀಳಿಸುತ್ತಿದ್ದೇನೆ.