ಅರ್ಜಿ ಹಾಕದೆ ಗೆದ್ದವನು

ಕಾವೇರಿ ವ್ಯಾಜ್ಯದಲ್ಲಿ ಕೈಯಿಂದ ಒಂದು ರೂಪಾಯಿಯೂ ಬಿಚ್ಚದೆ ಪಾಲು ಪಡೆದವನು ಸಮುದ್ರರಾಜನೊಬ್ಬನೇ. 2007ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ 740 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ಹಂಚಲು ಕುಳಿತು ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಬರೆಯಿತು. ಪರಿಸರಕ್ಕೆಂದು 10 ಎತ್ತಿಟ್ಟಿತು. ಕೊನೆಗೆ, ಏನು ಮಾಡಿದರೂ ತಡೆಯಲಾಗದೆ ಕಡಲು ಸೇರುವ ನೀರೆಂದು 4 ಟಿಎಂಸಿ. ಅವನು ವಕಾಲತ್ತು ಹಾಕಿರಲಿಲ್ಲ, ಬಂದ್‌ಗೆ ಕರೆ ಕೊಟ್ಟಿರಲಿಲ್ಲ, ಒಂದು ಟೈರಿಗೂ ಬೆಂಕಿ ಹಚ್ಚಿರಲಿಲ್ಲ.

ಈ ಮೊಕದ್ದಮೆಯಲ್ಲಿ ಕಕ್ಷಿದಾರನಾಗಬೇಕಿದ್ದ ಇನ್ನೊಬ್ಬ ಮುಂಗಾರು. ಸಮನ್ಸ್ ಜಾರಿ ಮಾಡೋಣವೆಂದರೆ ವಿಳಾಸವಿಲ್ಲ. 740 ಎಂಬುದು ಎರಡು ವರ್ಷಕ್ಕೊಂದು ವರ್ಷ ಕೈಗೆ ಸಿಗುವ ಲೆಕ್ಕ. ಸಿಗದ ವರ್ಷ? ಸಂಕಷ್ಟವನ್ನೂ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಿ ಎಂದರು. ಆಸ್ತಿ ಪಾಲಾಗುವಾಗಲೇ ಹೊಡೆದಾಡಿದ ಅಣ್ಣತಮ್ಮಂದಿರಿಗೆ ಅಪ್ಪನ ಸಾಲದ ಪತ್ರ ಕೊಟ್ಟಂತಾಯಿತು. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟು, ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ 177.25 ಹರಿಯಲಿ ಎಂದಿತು. ದಶಮಾಂಶದವರೆಗೂ ಎಲ್ಲವೂ ಇತ್ಯರ್ಥವಾಯಿತು, ಮೋಡವೊಂದನ್ನು ಬಿಟ್ಟು.

2023ರಲ್ಲಿ ಮೋಡ ಕೈಕೊಟ್ಟಿತು. ತಮಿಳುನಾಡಿಗೆ 5,000 ಕ್ಯುಸೆಕ್, ಅಂದರೆ ಸೆಕೆಂಡಿಗೆ 5,000 ಘನ ಅಡಿಯಂತೆ, ನೀರು ಬಿಡಿ ಎಂಬ ಆದೇಶ ಬಂತು. ಮದ್ದೂರಿನ ಕಡೆ, ನಾಲೆಯ ಕೊನೆಯಂಚಿನಲ್ಲಿ ಒಂದೂವರೆ ಎಕರೆ ಇರುವ ನಮ್ಮ ದೊಡ್ಡಪ್ಪ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಹೆದ್ದಾರಿಯಲ್ಲಿ ಕುಳಿತರು. "ನೀರು ನಮ್ಮಲ್ಲಿ ಹುಟ್ಟಿದ್ದು. ಮೊದಲು ನಮ್ಮ ಪೈರು, ಮಿಕ್ಕರೆ ಅವರಿಗೆ" ಎಂದು ಟಿ.ವಿ.ಯವರೆದುರು ಗುಡುಗಿದರು. ನನಗೂ ರೋಮಾಂಚನವಾಯಿತು.

ಅಂದು ರಾತ್ರಿ ಕಟ್ಟು ಪದ್ಧತಿಯ ಪ್ರಕಾರ ನಾಲೆಯಲ್ಲಿ ನಮ್ಮ ಸರದಿ. ಹನ್ನೊಂದಾದರೂ ಗದ್ದೆಗೆ ತೇವವಿಲ್ಲ. ಟಾರ್ಚು, ಗುದ್ದಲಿ ಹಿಡಿದು ಮೇಲೆ ಹೋದರೆ, ಮೇಲಿನ ಗದ್ದೆಯವನು ತೂಬಿಗೆ ಮಣ್ಣು ತುಂಬಿದ ಗೊಬ್ಬರದ ಚೀಲ ಒತ್ತಿ, ಅದರ ಮೇಲೆ ಕುಳಿತು ಬೀಡಿ ಸೇದುತ್ತಿದ್ದ.

"ನೀರು ಮೊದಲು ನನ್ನ ಹತ್ತಿರ ಬರುತ್ತದಣ್ಣ. ಮೊದಲು ನನ್ನ ಪೈರು, ಮಿಕ್ಕರೆ ನಿನಗೆ" ಎಂದ.

ದೊಡ್ಡಪ್ಪ ಕೆಂಡವಾದರು. "ನಮ್ಮ ತಾತನ ಕಾಲದಿಂದ ಕೆಳಕ್ಕೆ ಹರಿದು ಬಂದ ನೀರು ಇದು! ನಾಟಿ ಮಾಡಿ ಕುಳಿತಿದ್ದೇನೆ, ಈಗ ನಿಲ್ಲಿಸಿದರೆ ನನ್ನ ಗತಿ? ಮೇಲಿದ್ದ ಮಾತ್ರಕ್ಕೆ ನೀರು ನಿಮ್ಮಪ್ಪನದೇ?" 1924ರ ಮದ್ರಾಸ್–ಮೈಸೂರು ಒಪ್ಪಂದವನ್ನೇ ನೆಚ್ಚಿಕೊಂಡ ತಮಿಳುನಾಡಿನ ವಕೀಲರು ವರ್ಷಗಟ್ಟಲೆ ಮಂಡಿಸಿದ ವಾದವನ್ನು ನಮ್ಮ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೂರೇ ವಾಕ್ಯದಲ್ಲಿ ಮುಗಿಸಿದರು. ಬೆಳಗಿನ ಭಾಷಣದ ಗಂಟಲು ಇನ್ನೂ ಕಟ್ಟಿಕೊಂಡೇ ಇತ್ತು.

"ಹಾಗಾದರೆ ಕೋರ್ಟಿಗೆ ಹೋಗು" ಎಂದ ಆತ.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನೀನು ಪೇಪರು ಓದುವವನು, ಹೇಳಪ್ಪ. ನೀರಿನ ಕೇಸು ಮುಗಿಯಲು ಎಷ್ಟು ದಿನ ಹಿಡಿಯುತ್ತದೆ?"

ನ್ಯಾಯಮಂಡಳಿ ಆದದ್ದು 1990ರಲ್ಲಿ, ಕೊನೆಯ ತೀರ್ಪು 2018ರಲ್ಲಿ. "ಇಪ್ಪತ್ತೆಂಟು ವರ್ಷ ದೊಡ್ಡಪ್ಪ."

"ನನ್ನದು ನಾಲ್ಕು ತಿಂಗಳ ಭತ್ತ" ಎಂದು ಅವರು ಗುದ್ದಲಿ ಎತ್ತಿದರು. ಆತನೂ ಬೀಡಿ ಬಿಸಾಡಿ ಎದ್ದ. ಇಬ್ಬರ ತಾತಂದಿರ ಚರಿತ್ರೆಯೂ ವಿಚಾರಣೆಗೆ ಬಂದದ್ದರಿಂದ ಒಂದು ಗಂಟೆ ಕಳೆಯಿತು. ಸುಮ್ಮನೆ ನಿಂತಿದ್ದ ನನಗೆ ಕಾಲ ಬಳಿ ಗುಳುಗುಳು ಸದ್ದು ಕೇಳಿ ಟಾರ್ಚು ಬಿಟ್ಟೆ. ಬದುವಿನಲ್ಲಿ ಏಡಿ ತೋಡಿದ ಬಿಲ. ಅದರೊಳಗಿಂದ ನೀರು ಕೈಗಾತ್ರವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಹಳ್ಳ ಶಿಂಷಾ ನದಿಗೆ, ಶಿಂಷಾ ಕಾವೇರಿಗೆ, ಕಾವೇರಿ ಸಮುದ್ರಕ್ಕೆ.