ಬಂಧು ಮಿತರು

ದೃಶ್ಯಕಲಾ ಪದವಿಯ ಅನ್ವಯಿಕ ಕಲೆಯ ವಿಭಾಗಕ್ಕೆ ನಾನು ಸೇರಿದಾಗ, ಅಲ್ಲಿ ಏನು ಕಲಿಸುತ್ತಾರೆಂಬುದನ್ನು ತಿಪಟೂರಿನ ನಮ್ಮ ಮನೆಯವರಿಗೆ ತಿಳಿಯ ಹೇಳಲು ನಾಲ್ಕೈದು ಬಾರಿ ಪ್ರಯತ್ನಿಸಿ ಸೋತಿದ್ದೆ. ಗ್ರಾಫಿಕ್ ಡಿಸೈನ್ ಎಂದರೆ ಫ್ಲೆಕ್ಸ್ ಮಾಡುವ ವಿದ್ಯೆ ಎಂದು ಅಪ್ಪನೂ, ಕಂಪ್ಯೂಟರಿನಲ್ಲಿ ಹೂಬಳ್ಳಿ ಬರೆಯುವ ವಿದ್ಯೆ ಎಂದು ಅಮ್ಮನೂ ತಮ್ಮ ತಮ್ಮ ಮಟ್ಟಿಗೆ ತೀರ್ಮಾನಿಸಿಕೊಂಡು ನೆಮ್ಮದಿಯಾಗಿದ್ದರು. ಕೊಬ್ಬರಿ ಮಂಡಿ ನಡೆಸುವ ದೊಡ್ಡಪ್ಪ ಮಾತ್ರ ಯಾವುದನ್ನೂ ತೂಗಿ ನೋಡದೆ ನಂಬುವವರಲ್ಲ. ಮೂರನೆಯ ವರ್ಷದ ಮೊದಲ ರಜೆಗೆ ಊರಿಗೆ ಹೋದಾಗ ಅವರು ನನ್ನನ್ನು ಕರೆದು, "ನಿನ್ನ ಅಕ್ಕನ ಲಗ್ನಪತ್ರಿಕೆ ನೀನೇ ಮಾಡು. ಎರಡು ವರ್ಷದ ಫೀಜು ಏನಾಯಿತು ಅಂತ ನೋಡೋಣ" ಎಂದರು.

ನಿಜ ಹೇಳಬೇಕೆಂದರೆ, ಆ ಫೀಜಿನ ಲೆಕ್ಕ ಒಪ್ಪಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೊದಲ ವರ್ಷದಲ್ಲಿ ಕಾಲೇಜಿನ ಸಮಾರಂಭವೊಂದಕ್ಕೆ ನಾನು ಮಾಡಿದ ಪೋಸ್ಟರಿನಲ್ಲಿ 'ಸ್ವಾಗತ' ಎಂಬ ಪದ 'ಸ್‌ವಾಗತ' ಎಂದು ಬಿಡಿಬಿಡಿಯಾಗಿ ಮೂಡಿ, ಮೂರು ದಿನ ಗೇಟಿನಲ್ಲಿ ನೇತಾಡಿತ್ತು. ಫೋಟೋಶಾಪಿನಲ್ಲಿ ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಾಯಿಸದಿದ್ದರೆ ಅದು ಒತ್ತಕ್ಷರವನ್ನು ಕೂಡಿಸದೆ, ಸಕಾರವನ್ನೂ ವಕಾರವನ್ನೂ ಜಗಳವಾಡಿದ ನೆಂಟರಂತೆ ಅಕ್ಕಪಕ್ಕದಲ್ಲಿ ಕೂರಿಸಿಬಿಡುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ವಿನ್ಯಾಸದ ಗುಣದೋಷಗಳನ್ನು ಗಂಟೆಗಟ್ಟಲೆ ಚರ್ಚಿಸುವ ನಮ್ಮ ತರಗತಿಯ ಇಪ್ಪತ್ತೆಂಟು ಜನರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಕಂಡು ಹೇಳಿದವರು ಕಾವಲುಗಾರರು.

ಲಗ್ನಪತ್ರಿಕೆಯಲ್ಲಿ ಆ ಕಳಂಕವನ್ನು ತೊಳೆದುಕೊಳ್ಳಬೇಕೆಂಬ ಛಲದಿಂದ ನಾನು ಒಂದು ವಾರ ಕುಳಿತು, ಮೇಲೆ ಪುಟ್ಟದೊಂದು ಗಣಪತಿ, ನಡುವೆ ವಧೂವರರ ಹೆಸರು, ಕೆಳಗೆ ಮುಹೂರ್ತ ಮತ್ತು ಸ್ಥಳ, ಸುತ್ತಲೂ ಧಾರಾಳವಾದ ಖಾಲಿ ಜಾಗ ಇರುವ ಒಂದು ಪತ್ರಿಕೆಯನ್ನು ರಚಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಉಳಿದದ್ದು ಯಾವಾಗ ಬರುತ್ತದೆ ಎಂದು ಕೇಳಿದರು. ಖಾಲಿ ಜಾಗವೆಂಬುದು ಖಾಲಿಯಲ್ಲ, ಅದು ಕಣ್ಣಿಗೆ ಕೊಡುವ ವಿಶ್ರಾಂತಿ ಎಂದು ನಮ್ಮ ಮೇಷ್ಟ್ರು ಹೇಳಿದ್ದನ್ನು ನಾನು ಗಂಭೀರವಾಗಿ ಒಪ್ಪಿಸಿದೆ. "ಕಣ್ಣಿಗೆ ವಿಶ್ರಾಂತಿ ಬೇಕಾದವರು ಮಲಗುತ್ತಾರೆ ಕಣಮ್ಮಾ, ಲಗ್ನಪತ್ರಿಕೆ ನೋಡುತ್ತಾ ಕೂರುವುದಿಲ್ಲ" ಎಂದ ಅವರು ಒಳಗಿನಿಂದ ಮಂಡಿಯ ಲೆಕ್ಕದ ಪುಸ್ತಕವನ್ನು ತರಿಸಿ, ಆಗಮನಾಭಿಲಾಷಿಗಳ ಪಟ್ಟಿಯನ್ನು ಬರೆಸಿದರು. ಒಟ್ಟು 43 ಹೆಸರುಗಳಾದುವು. ಒಬ್ಬರ ಹೆಸರು ಬಿಟ್ಟರೂ ಮುಂದಿನ ಹತ್ತು ವರ್ಷ ಆ ಮನೆಯ ಅರಿಶಿನ ಕುಂಕುಮಕ್ಕೆ ನಮಗೆ ಕರೆ ಬರುವುದಿಲ್ಲ ಎಂದು ಅತ್ತೆ ಪಕ್ಕದಿಂದ ಎಚ್ಚರಿಸಿದರು. ಗಣಪತಿ ಏಕೆ ಬಡಕಲಾಗಿದ್ದಾನೆ ಎಂಬುದೂ ಚರ್ಚೆಗೆ ಬಂದು, ಅವನನ್ನು ದಪ್ಪ ಮಾಡುವುದೆಂದು ತೀರ್ಮಾನವಾಯಿತು.

ಹೆಸರುಗಳನ್ನು ಸೇರಿಸಿದ ಮೇಲೂ ಪತ್ರಿಕೆಗೆ ಒಂದಿಷ್ಟು ಘನತೆ ಉಳಿಯಲಿ ಎಂದುಕೊಂಡು ತಲೆಬರಹದ ಅಕ್ಷರಗಳ ನಡುವಿನ ಅಂತರವನ್ನು ತುಸು ಹಿಗ್ಗಿಸಿದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಹೀಗೆ ಬಿಡಿಸಿ ಕೂರಿಸಿದರೆ ಸೊಗಸಾಗಿ ಕಾಣುತ್ತದೆಯೆಂದು ತರಗತಿಯಲ್ಲಿ ಕಲಿತಿದ್ದೆ. ಕನ್ನಡದಲ್ಲಿ ಆದದ್ದು ಬೇರೆ. ನಾನು ಮೆಚ್ಚಿ ಆರಿಸಿಕೊಂಡಿದ್ದ ಅಲಂಕಾರದ ಫಾಂಟು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಮಾದರಿಯದು. ಅದರಲ್ಲಿ ಅಕ್ಷರದ ಒಡಲೇ ಬೇರೆ, ತಲೆಕಟ್ಟೇ ಬೇರೆ, ಒತ್ತೇ ಬೇರೆ ತುಂಡುಗಳಾಗಿರುತ್ತವೆ. 'ಕನ್ನಡ' ಎಂಬ ಮೂರಕ್ಷರದ ಪದಕ್ಕೆ ಏಳು ತುಂಡುಗಳು ಬೇಕು. ಅಂತರ ಹಿಗ್ಗಿಸುವಂತೆ ನಾನು ಆಜ್ಞಾಪಿಸಿದೊಡನೆ ಕಂಪ್ಯೂಟರು ಅಷ್ಟೂ ತುಂಡುಗಳನ್ನು ನಿಷ್ಪಕ್ಷಪಾತವಾಗಿ ದೂರ ಸರಿಸಿತು. 'ಆಹ್ವಾನ ಪತ್ರಿಕೆ'ಯ ತಲೆಕಟ್ಟುಗಳೆಲ್ಲ ಗಾಳಿಗೆ ಹಾರಿದ ಪೇಟಗಳಂತೆ ಬಲಕ್ಕೆ ಸರಿದುವು. ಒತ್ತುಗಳು ಯಜಮಾನರನ್ನು ಕಳೆದುಕೊಂಡ ಮಕ್ಕಳಂತೆ ಪಕ್ಕದ ಅಕ್ಷರಗಳ ಕಾಲ ಬಳಿ ನಿಂತುವು. ತಪ್ಪು ಫಾಂಟಿನದಲ್ಲ. ಅಂತರವನ್ನು ಮೊದಲಿದ್ದಂತೆಯೇ ಮಾಡಿ, ಘನತೆಯ ಆಸೆಯನ್ನು ಕೈಬಿಟ್ಟೆ.

ಅನಂತರ ಕೈಗೆ ಸಿಕ್ಕಿದ ಸಮಸ್ಯೆ ಸಾಲುಗಳದು. ವಿನ್ಯಾಸದ ತಂತ್ರಾಂಶಗಳು ಸಾಮಾನ್ಯವಾಗಿ ಅಕ್ಷರದ ಗಾತ್ರದ 120 ಪ್ರತಿಶತವನ್ನು ಸಾಲಿಗೆ ತಾವಾಗಿಯೇ ಕೊಡುತ್ತವೆ. ಅಂದರೆ 10 ಪಾಯಿಂಟಿನ ಅಕ್ಷರಕ್ಕೆ 12 ಪಾಯಿಂಟಿನ ಸಾಲು. ಇಂಗ್ಲಿಷಿನವರ ಸಂಸಾರ ಅಷ್ಟರಲ್ಲಿ ಸುಖವಾಗಿ ನಡೆಯುತ್ತದೆ. ನಮ್ಮದು ನೆಲಮಾಳಿಗೆ ಇರುವ ಮನೆ. ಕೃಷ್ಣಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ: ಮೂರಕ್ಷರದ ಆ ಹೆಸರಿನಲ್ಲಿ ಕಕಾರಕ್ಕೆ ವಟ್ರಸುಳಿ, ಷಕಾರಕ್ಕೆ ಣ ಒತ್ತು, ಪಕಾರಕ್ಕೆ ಪ ಒತ್ತು ಎಂದು ಮೂವರೂ ಕೆಳಗೆ ಕಾಲು ಚಾಚಿರುತ್ತಾರೆ. ಅವರ ಕೆಳಗಿನ ಸಾಲಿನಲ್ಲಿ ಗುಡಿಸು ಇರುವ ಅಕ್ಷರಗಳು ಬಂದರೆ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವುದು ಖಂಡಿತ. ದೊಡ್ಡಪ್ಪ ಕರಡು ಪ್ರತಿಯನ್ನು ನೋಡಿ, ನಮ್ಮ ಕಡೆಯ ಹಿರಿಯರೊಬ್ಬರು ಗಂಡಿನ ಕಡೆಯ ಹಿರಿಯರನ್ನು ತುಳಿಯುತ್ತಿರುವಂತೆ ಕಾಣುತ್ತದೆ, ಮದುವೆಗೆ ಮುಂಚೆ ಇದು ಬೇಡ ಎಂದರು. ನಾನು ಸಾಲುಗಳ ಅಂತರವನ್ನು ಹೆಚ್ಚಿಸಿದೆ. ಅಂತರ ಹೆಚ್ಚಾದಂತೆ ಸಾಲುಗಳು ಕೆಳಕ್ಕೆ ಕೆಳಕ್ಕೆ ಸರಿದು, ಕಟ್ಟಕಡೆಯ ಸಾಲು ಪತ್ರಿಕೆಯ ಅಂಚಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಪ್ರಯಾಣಿಕನಂತೆ ಒಂದು ಕಾಲಿನ ಮೇಲೆ ನಿಂತಿತು. ಅದು ಹೇಗೋ ಜಾಗದಲ್ಲಿ ಹಿಡಿಯಿತಲ್ಲ ಎಂದು ಸಂತೋಷಪಟ್ಟೆನೇ ಹೊರತು, ಮುಂದೆ ತಿರುವಿದೆಯೆಂದು ಯೋಚಿಸಲಿಲ್ಲ.

ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದೆ. ಲಗ್ನಪತ್ರಿಕೆಯ ಅಂಗಡಿಗಳೂ ಕಾಗದದ ವ್ಯಾಪಾರಿಗಳೂ ತುಂಬಿದ ಆ ಬೀದಿಯ ಓಣಿಯೊಂದರಲ್ಲಿ, ಅಂಟು ಮತ್ತು ಮಸಿಯ ವಾಸನೆಯ ನಡುವೆ ಒಂದು ಚಿಕ್ಕ ಪ್ರೆಸ್ಸು. ಡಿಟಿಪಿ ಮಾಡುವ ಹುಡುಗ ಫೈಲನ್ನು ತೆರೆದ. ಆಹ್ವಾನ ಪತ್ರಿಕೆ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ, ತಲೆಯ ಮೇಲೆ ಓರೆಗೀಟು ಹೊತ್ತ ಅಕ್ಷರಗಳ, ಚಿತ್ರವಿಚಿತ್ರ ಚಿಹ್ನೆಗಳ ಒಂದು ಸಂತೆ ನೆರೆದಿತ್ತು. ನಾನು ಬಳಸಿದ್ದ ಫಾಂಟು ಅವನ ಕಂಪ್ಯೂಟರಿನಲ್ಲಿರಲಿಲ್ಲ. ಈ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿರುತ್ತವೆ. ಫಾಂಟು ಇಲ್ಲದಿದ್ದರೆ ಬಾಡಿಗೆದಾರರು ಮಾಯವಾಗಿ ಮೂಲ ಮಾಲೀಕರು ಹೊರಗೆ ಬರುತ್ತಾರೆ. ಕಕಾರದ ಒಡಲಿನ ಹಿಂದೆ ಇಂಗ್ಲಿಷಿನ 'ಪಿ' ಇರುತ್ತದೆ, ನಕಾರದ ಒಡಲಿನ ಹಿಂದೆ ಬ್ರಿಟಿಷರ ಪೌಂಡಿನ ಚಿಹ್ನೆ. 'ಕನ್ನಡ' ಎಂದು ಬರೆದಾಗಲೆಲ್ಲ ಅದರ ನಡುವೆ ಒಂದು ಪೌಂಡನ್ನು ಅಡಗಿಸಿಡುತ್ತಿದ್ದೇನೆಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ. ಯೂನಿಕೋಡಿನಲ್ಲಿ ಬರೆದಿದ್ದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸ್ವಂತ ಮನೆಗಳಿರುತ್ತಿದ್ದುದರಿಂದ, ಚೆಲುವು ಕೆಟ್ಟರೂ ಓದಲಿಕ್ಕಾದರೂ ಆಗುತ್ತಿತ್ತು.

"ಕರ್ವ್ ಮಾಡ್ಕೊಂಡು ಬನ್ನಿ ಮೇಡಂ" ಎಂದು ಹುಡುಗ ಹೇಳಿದ. ಅಕ್ಷರಗಳನ್ನು ಗೆರೆಗಳ ಆಕಾರವಾಗಿ ಪರಿವರ್ತಿಸಿಬಿಟ್ಟರೆ ಫಾಂಟಿನ ಹಂಗಿಲ್ಲ ಎಂಬ ಈ ಪಾಠವನ್ನು ಕಾಲೇಜಿನಲ್ಲೂ ಹೇಳಿರಬೇಕು. ಆ ದಿನ ನಾನು ರಜೆ ಹಾಕಿರಬೇಕು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಕಾಗದ ಎಣಿಸುತ್ತಿದ್ದ ಹಿರಿಯರೊಬ್ಬರು ತಲೆಯೆತ್ತದೆ, "ನಮ್ಮ ಕಾಲದಲ್ಲಿ ಮೊಳೆ ಸಾಲದೆ ಹೋದರೆ ಪಕ್ಕದ ಪ್ರೆಸ್ಸಿನಿಂದ ಕಡ ತರುತ್ತಿದ್ದೆವು ತಾಯಿ" ಎಂದರು. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸಿದವರು. ಸಾಲುಗಳ ನಡುವಿನ ಅಂತರವನ್ನು ನಾವು 'ಲೀಡಿಂಗ್' ಎಂದು ಕರೆಯುವುದು, ಹಿಂದೆ ಎರಡು ಸಾಲು ಮೊಳೆಗಳ ನಡುವೆ ಸೀಸದ ಪಟ್ಟಿಯನ್ನು ಇಡುತ್ತಿದ್ದುದರಿಂದ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅವರು ಸ್ಟೂಲಿನಿಂದ ಎದ್ದು, ಹಳೆಯ ಡ್ರಾಯರಿನಿಂದ ಅಂಥದೊಂದು ಪಟ್ಟಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ತೆಳ್ಳಗಿದ್ದರೂ ತೂಕವಾಗಿತ್ತು, ಬೆರಳಿಗೆ ಬೂದು ಬಣ್ಣ ಹತ್ತಿತು. ಮೌಸಿನಿಂದ ಸಾಲು ಸರಿಸುವವಳಿಗೆ ಅಂತರಕ್ಕೂ ತೂಕವಿರಬಹುದೆಂದು ಎಂದೂ ತೋರಿರಲಿಲ್ಲ.

ಬಣ್ಣದ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ನೆನೆಸಿಕೊಂಡರೆ ಈಗಲೂ ಅಕ್ಕನ ಮುಖ ಕಣ್ಣ ಮುಂದೆ ಬರುತ್ತದೆ. ಅವಳ ಧಾರೆ ಸೀರೆಯ ಗಿಳಿಹಸಿರನ್ನೇ ಪತ್ರಿಕೆಯ ಅಂಚಿಗೆ ಹಾಕಿದ್ದೆ. ಪರದೆಯ ಮೇಲೆ ಅದು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಹುಟ್ಟಿ ಝಗಝಗಿಸುತ್ತಿತ್ತು. ಮುದ್ರಣದಲ್ಲಾದರೋ ನಾಲ್ಕು ಮಸಿಗಳು ಬೆಳಕನ್ನು ನುಂಗಿ ಮಿಕ್ಕಿದ್ದನ್ನಷ್ಟೇ ನಮಗೆ ಬಿಡುತ್ತವೆ. ಗಿಳಿ ಹೋಗಿ, ಬೇಯಿಸಿ ಮರೆತ ದಂಟಿನ ಸೊಪ್ಪು ಉಳಿಯಿತು.

600 ಪತ್ರಿಕೆಗಳ ಕಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಮೂಲೆಗಳಿಗೆ ಅರಿಶಿನ ಹಚ್ಚಲು ಅತ್ತೆ, ಅಮ್ಮ, ದೊಡ್ಡಮ್ಮ ಹಜಾರದಲ್ಲಿ ಕುಳಿತಿದ್ದರು. ಇಪ್ಪತ್ತು ಮೂವತ್ತು ಪತ್ರಿಕೆಗಳಾಗುವಷ್ಟರಲ್ಲಿ ಅತ್ತೆ ಒಂದನ್ನು ಕಣ್ಣಿನ ಹತ್ತಿರ ತಂದು ನಿಧಾನವಾಗಿ ಓದಿದರು: "ಸುಖಾಗಮನ ಬಯಸುವ ಬಂಧು ಮಿತರು."

ಕತ್ತರಿಸುವ ಯಂತ್ರದ ಅಲಗು ಕೂದಲೆಳೆಯಷ್ಟು ಅತ್ತಿತ್ತ ಆಗುವುದು ಸಹಜವೆಂದೂ, ಆದ್ದರಿಂದ ಹಿನ್ನೆಲೆಯ ಬಣ್ಣವನ್ನು ಅಂಚಿನಿಂದ 3 ಮಿಲಿಮೀಟರಿನಷ್ಟು ಆಚೆಗೆ ಚಾಚಬೇಕೆಂದೂ, ಅಕ್ಷರಗಳನ್ನು ಕನಿಷ್ಠ ಅಷ್ಟಾದರೂ ಒಳಗೆ ಇಡಬೇಕೆಂದೂ ಎಲ್ಲ ವಿದ್ಯಾರ್ಥಿಗಳಿಗೂ ಮೊದಲ ವರ್ಷದಲ್ಲೇ ಹೇಳಿರುತ್ತಾರೆ. ನಾನು ಬಣ್ಣವನ್ನು ಚಾಚಿದ್ದೆ. ಮೆಟ್ಟಿಲ ಮೇಲೆ ನಿಂತಿದ್ದ ಕೊನೆಯ ಸಾಲನ್ನು ಮಾತ್ರ ಒಳಗೆ ಕರೆದುಕೊಂಡಿರಲಿಲ್ಲ. ಸಾಲಿನ ಬೇರೆಲ್ಲ ಅಕ್ಷರಗಳೂ ಹೇಗೋ ಪಾರಾಗಿ, ಎಲ್ಲರಿಗಿಂತ ಕೆಳಗೆ ಇಳಿದಿದ್ದ ರಕಾರದ ಒತ್ತೊಂದು ಅಲಗಿಗೆ ಸಿಕ್ಕಿತ್ತು. ಬರೆದು ಸರಿಪಡಿಸೋಣವೆಂದರೆ ಬರೆಯಬೇಕಾದ ಕಾಗದವೇ ಸುಲ್ತಾನ್‌ಪೇಟೆಯ ಕಸದ ಬುಟ್ಟಿಯಲ್ಲಿತ್ತು.

ಹಜಾರದಲ್ಲಿ ಕೊಂಚ ಹೊತ್ತು ಮೌನ ನೆಲಸಿತು. ದೊಡ್ಡಪ್ಪ ಪತ್ರಿಕೆಯನ್ನು ತೆಗೆದುಕೊಂಡು ಓದಿ, ಮಿತರು ಎಂದರೆ ಮಿತವಾಗಿ ಬರುವವರು ಎಂದೇ ಅರ್ಥವಾಗುವುದಾದರೆ ಅಡುಗೆಯವರಿಗೆ ಇನ್ನೂರು ಎಲೆ ಕಡಿಮೆ ಹೇಳಬಹುದಲ್ಲ ಎಂದರು. ಅವರು ತಮಾಷೆ ಮಾಡಿದರೋ ಲೆಕ್ಕ ಹಾಕಿದರೋ ನನಗೆ ಇಂದಿಗೂ ತಿಳಿದಿಲ್ಲ. ಪರಿಹಾರ ಹುಡುಕಿದವರು ಅತ್ತೆ. ನಾಲ್ಕು ಮೂಲೆಗಳಿಗೆ ಹಚ್ಚುವ ಅರಿಶಿನವನ್ನು ಕೆಳಗಿನ ಅಂಚಿಗೆ ಉದ್ದಕ್ಕೂ ಬಳಿದುಬಿಟ್ಟರೆ ಶುಭವೂ ಆಯಿತು, ಆ ಸಾಲೂ ಮುಚ್ಚಿತು ಎಂದು ಅವರು ಮೊದಲ ಪತ್ರಿಕೆಗೆ ಬಳಿದೇ ತೋರಿಸಿದರು. 600 ಪತ್ರಿಕೆಗಳಿಗೂ ಬಳಿದು ಮುಗಿಸುವಾಗ ರಾತ್ರಿ ಒಂದು ಗಂಟೆಯಾಗಿತ್ತು. ವಿಶೇಷವೆಂದರೆ, ಅರಿಶಿನದ ಪಟ್ಟಿ ಆ ಬೆಂದ ಸೊಪ್ಪಿನ ಬಣ್ಣಕ್ಕೆ ಬಹಳ ಒಪ್ಪಿತು. ನನ್ನ ವಿನ್ಯಾಸದಲ್ಲಿ ಎಲ್ಲರೂ ಹೊಗಳಿದ ಅಂಶ ಅದೊಂದೇ.

ಇಷ್ಟಾದ ಮೇಲೆ ನಾನು ಒತ್ತಕ್ಷರದ ವಿಷಯದಲ್ಲಿ ಸಾಕಷ್ಟು ಎಚ್ಚರಗೊಂಡಿದ್ದೇನೆಂದೇ ನಂಬಿದ್ದೆ. ಮುಂದಿನ ಸೆಮಿಸ್ಟರಿನಲ್ಲಿ ಜುಲೈ 1ರ ಪತ್ರಿಕಾ ದಿನಾಚರಣೆಗೆಂದು ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಕೆತ್ತಿ ಅಚ್ಚು ತೆಗೆಯುವ ಒಂದು ಪ್ರಾಜೆಕ್ಟು ಬಂತು. 1843ರ ಜುಲೈ 1ರಂದು ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದುದನ್ನು ವಿಷಯವಾಗಿ ಆರಿಸಿಕೊಂಡು, ದೊಡ್ಡ ಅಕ್ಷರಗಳಲ್ಲಿ ಆ ಹೆಸರನ್ನೂ ಅದರ ಕೆಳಗೆ 'ಕಲ್ಲಚ್ಚು' ಎಂಬ ಪದವನ್ನೂ ಐದು ರಾತ್ರಿ ಕೂತು ಕೆತ್ತಿದೆ. ಕೆತ್ತನೆ ಎಷ್ಟು ಚೆನ್ನಾಗಿತ್ತೆಂದರೆ, ಮಸಿ ಬಳಿಯುವ ಮೊದಲೇ ಗೆಳತಿಯರೆಲ್ಲ ಬಂದು ಅದನ್ನು ಸರಾಗವಾಗಿ ಓದಿ ಹೊಗಳಿ ಹೋದರು. ಲಿನೋ ಮೇಲೆ ಸರಾಗವಾಗಿ ಓದಲು ಬರುವ ಅಕ್ಷರ ಕಾಗದದ ಮೇಲೆ ಹೇಗೆ ಬೀಳುತ್ತದೆಂದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಕಾಗದವನ್ನು ಎತ್ತಿದಾಗ ಇಡೀ ಮಂಗಳೂರು ಕನ್ನಡಿಯೊಳಗೆ ಹೊಕ್ಕಿತ್ತು.

ಅಚ್ಚಾದ ಆ ಕಾಗದವನ್ನು ಸುರುಳಿ ಸುತ್ತಿಕೊಂಡು, ಹೊಸ ಲಿನೋ ಹಾಳೆ ಕೊಳ್ಳಲು ಹೋದವಳು ಏಕೋ ಸುಲ್ತಾನ್‌ಪೇಟೆಯ ಆ ಪ್ರೆಸ್ಸಿಗೂ ಹೋದೆ. ಹಿರಿಯರು ಅದನ್ನು ಬಿಡಿಸಿ ಒಂದು ಕ್ಷಣ ನೋಡಿದರು. ಅನಂತರ ಸಹಜವೆಂಬಂತೆ ತಲೆಕೆಳಗು ಮಾಡಿ ಹಿಡಿದು, ಎಡದಿಂದ ಬಲಕ್ಕೆ ಎಲ್ಲಿಯೂ ತಡವರಿಸದೆ ಓದಿಕೊಂಡು ಹೋದರು. ಕೈಯಲ್ಲಿ ಹಿಡಿದ ಸ್ಟಿಕ್ಕೆಂಬ ಪುಟ್ಟ ತಟ್ಟೆಯಲ್ಲಿ ಮೊಳೆಗಳನ್ನು ತಲೆಕೆಳಗಾಗಿಯೇ ಜೋಡಿಸಿ ಹಾಗೆಯೇ ಓದಿದ ಆ ಕಣ್ಣಿಗೆ ನನ್ನ ಹಾಳೆಯಲ್ಲಿ ಅಸಹಜವಾದದ್ದು ಏನೂ ಕಾಣಲಿಲ್ಲ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅವರ ಬೆರಳು ಕೊನೆಯ ಪದದ ಕೊನೆಯ ಅಕ್ಷರದ ಮೇಲೆ ನಿಂತಿತು. ಕೆಳಗೆ ಜಾಗ ಸಾಲದೆಂದು ಅಂಚಿನಿಂದ ದೂರವಿರಿಸುವ ಭರದಲ್ಲಿ ನಾನು 'ಕಲ್ಲಚು' ಎಂದು ಕೆತ್ತಿದ್ದೆ.

"ಅಚ್ಚು ಒತ್ತಲು ಹೊರಟವಳು ಅಚ್ಚಿನ ಒತ್ತನ್ನೇ ಬಿಟ್ಟಿದ್ದೀಯಲ್ಲ ತಾಯಿ" ಎಂದು ಹೇಳಿ ಅವರು ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟರು. ಹೇಗೂ ಹೊಸದಾಗಿ ಕೆತ್ತಬೇಕಾಗಿತ್ತು. ಲಿನೋ ಅಂಗಡಿಯಲ್ಲಿ ಈ ಬಾರಿ ಎರಡು ಅಂಗುಲ ಉದ್ದವಾದ ಹಾಳೆಯನ್ನು ಕೇಳಿ ಪಡೆದೆ.